ಜಾವಾ ಎನಮ್ ಒಳಗೆ ಬರೀ ಹೆಸ್ರು ಇಡ್ಬೇಕಾ, ಇಲ್ಲ ಫ್ಯಾಟು ಎಸ್‌ಎನ್‌ಎಫ್ ಲೆಕ್ಕಾನೂ ಅಲ್ಲೇ ಇಡ್ಬೋದಾ?

ಮದ್ದೂರು ಬೈಟ್ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಮಂಡ್ಯ ಹತ್ರ ಒಂದು ಸಣ್ಣ ಡೇರಿ ಇದೆ, ಸುತ್ತಮುತ್ತ ಹಳ್ಳಿಗಳಿಂದ ಹಾಲು ತಗೊಂಡು ಪಾಶ್ಚರೈಸ್ ಮಾಡಿ ಪ್ಯಾಕೆಟ್ ಹಾಕಿ ಮಂಡ್ಯ, ಶ್ರೀರಂಗಪಟ್ಟಣ ಕಡೆ ಹೋಟ್ಲುಗಳಿಗೆ ಅಂಗ್ಡಿಗಳಿಗೆ ಕೊಡ್ತಾರೆ. ಅವ್ರ ಲ್ಯಾಬು ಮತ್ತೆ ಬಿಲ್ಲಿಂಗ್ ಸಾಫ್ಟ್‌ವೇರ್ ಈಗ ನನ್ ಕೈಗೆ ಬಂದಿದೆ, ಹಿಂದೆ ಬರ್ದೋರು ಬಿಟ್ಟು ಹೋಗಿದಾರೆ. ಕೋಡೆಲ್ಲ ಜಾವಾದಲ್ಲಿದೆ.

ಅದ್ರಲ್ಲಿ ಹಾಲಿನ ವಿಧಕ್ಕೆ ಒಂದು ಎನಮ್ (ಮೊದ್ಲೇ ಗೊತ್ತಿರೋ ಹೆಸ್ರುಗಳ ಪಟ್ಟಿ) ಇದೆ, ಟೋನ್ಡ್, ಡಬಲ್ ಟೋನ್ಡ್, ಸ್ಟ್ಯಾಂಡರ್ಡೈಸ್ಡ್, ಫುಲ್ ಕ್ರೀಮ್, ಸ್ಕಿಮ್ಡ್ ಅಂತ. ಆದ್ರೆ ಅಲ್ಲಿರೋದು ಬರೀ ಹೆಸ್ರು ಮಾತ್ರ. ಯಾವುದಕ್ಕೆ ಎಷ್ಟು ಫ್ಯಾಟ್ ಬೇಕು ಅನ್ನೋದು ಒಂದು ಯುಟಿಲಿಟಿ ಕ್ಲಾಸ್‌ನಲ್ಲಿ ಸ್ವಿಚ್ ಹಾಕಿ ಬರ್ದಿದಾರೆ, ಎಸ್‌ಎನ್‌ಎಫ್ (ಹಾಲಲ್ಲಿ ಫ್ಯಾಟ್ ಬಿಟ್ಟು ಉಳಿದ ಘನಾಂಶ) ಎಷ್ಟು ಅನ್ನೋದು ಇನ್ನೊಂದು ಸ್ವಿಚ್, ಲೇಬಲ್ ಮೇಲೆ ಬರೋ ಹೆಸ್ರು ಮತ್ತೊಂದು, ಬ್ಯಾಚ್ ಪಾಸೋ ಫೇಲೋ ಅಂತ ಹೇಳೋದು ಮಗದೊಂದು ಫೈಲಲ್ಲಿ. ಡಬಲ್ ಟೋನ್ಡ್ ಆಮೇಲೆ ಸೇರ್ಸಿರೋದು ಅನ್ಸತ್ತೆ, ಯಾಕಂದ್ರೆ ಎಸ್‌ಎನ್‌ಎಫ್ ಸ್ವಿಚ್‌ನಲ್ಲಿ ಅದ್ರ ಕೇಸೇ ಇಲ್ಲ, ಡಿಫಾಲ್ಟ್‌ನಲ್ಲಿ ಸೊನ್ನೆ ವಾಪಸ್ ಕೊಡತ್ತೆ, ಅಂದ್ರೆ ಆ ಹಾಲಲ್ಲಿ ಎಸ್‌ಎನ್‌ಎಫ್ ಎಷ್ಟೇ ಕಮ್ಮಿ ಇರ್ಲಿ ಸಾಫ್ಟ್‌ವೇರ್ ಪಾಸ್ ಅಂತಾನೇ ಹೇಳ್ತಿತ್ತು! ನೀರು ಬೆರ್ಸಿದ್ರೂ ಗೊತ್ತಾಗ್ತಿರ್ಲಿಲ್ಲ. ಪುಣ್ಯಕ್ಕೆ ಲ್ಯಾಬ್ ಹುಡ್ಗಿ ರೀಡಿಂಗ್ ಕಣ್ಣಲ್ಲಿ ನೋಡಿ ಹಿಡಿದ್ರು.

ನನ್ನ ಪ್ರಶ್ನೆ ಏನಂದ್ರೆ ಈ ಫ್ಯಾಟು, ಎಸ್‌ಎನ್‌ಎಫ್, ಪಾಸ್ ಫೇಲ್ ಲೆಕ್ಕ ಎಲ್ಲಾನೂ ಎನಮ್ ಒಳಗೇ ಇಡ್ಬೋದಾ? ಕಾಲೇಜಲ್ಲಿ ಸಿ ಭಾಷೆ ಎನಮ್ ಹೇಳ್ಕೊಟ್ಟಿದ್ರು, ಅದು ಸೊನ್ನೆ ಒಂದು ಎರಡಕ್ಕೆ ಹೆಸ್ರು ಇಟ್ಟಂಗೆ ಅಷ್ಟೇ. ಜಾವಾದಲ್ಲಿ ಹಂಗಲ್ಲ ಅಂತ ಕೇಳಿದೀನಿ, ಆದ್ರೆ ಎಲ್ಲಿವರೆಗೆ ಇಡ್ಬೋದು, ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಗೊತ್ತಾಗ್ತಿಲ್ಲ. ರೇಟು, ಜಿಎಸ್‌ಟಿ ಕೂಡ ಅಲ್ಲೇ ಹಾಕ್ಬಿಟ್ರೆ ಎಲ್ಲ ಒಂದೇ ಕಡೆ ಇರತ್ತಲ್ವಾ ಅಂತ ಆಸೆ. ತಿಳ್ದೋರು ದಯವಿಟ್ಟು ಹೇಳಿ.


ಹೆಬ್ಬಾಳ್ ಇಂಡಸ್ಟ್ರಿಯಲ್:

ಧಾರಾಳವಾಗಿ ಇಡ್ಬೋದು. ಜಾವಾಗೆ ಎನಮ್ ಬಂದಿದ್ದೇ 2004ರಲ್ಲಿ, ಜಾವಾ 5 ಜೊತೆ, ಬಂದಾಗ್ಲೇ ಅದು ಪೂರ್ತಿ ಕ್ಲಾಸ್ ಆಗೇ ಬಂತು. ಫೀಲ್ಡ್, ಕನ್‌ಸ್ಟ್ರಕ್ಟರ್, ಮೆಥಡ್ ಎಲ್ಲ ಇರ್ಬೋದು, ಇಂಟರ್‌ಫೇಸ್ ಕೂಡ ಇಂಪ್ಲಿಮೆಂಟ್ ಮಾಡ್ಬೋದು. ಆಗದೇ ಇರೋದು ಒಂದೇ, ಬೇರೆ ಕ್ಲಾಸ್‌ನ ಎಕ್ಸ್‌ಟೆಂಡ್ ಮಾಡೋಕಾಗಲ್ಲ, ಅದು ಆಗ್ಲೇ ಜಾವಾದ ಎನಮ್ ಅನ್ನೋ ಕ್ಲಾಸನ್ನ ಎಕ್ಸ್‌ಟೆಂಡ್ ಮಾಡ್ಕೊಂಡಿರತ್ತೆ. ವಿವರ ಯಾರಾದ್ರೂ ಹೇಳ್ತಾರೆ, ನಾನು ಶಿಫ್ಟಲ್ಲಿದೀನಿ.


ಬೋಗಾದಿ ರೋಡ್:

ನಿಮ್ಮ ಉದಾಹರಣೆ ತುಂಬಾ ಚೆನ್ನಾಗಿದೆ, ನಮ್ಮ ಟೀಮಿಗೆ ಹೊಸಬ್ರು ಬಂದಾಗ ಇದನ್ನೇ ತೋರಿಸ್ಬೋದು ಅನ್ನಿಸ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ತಲೆಯಲ್ಲಿ ಇಟ್ಕೋಬೇಕಾಗಿರೋದು, ಜಾವಾದಲ್ಲಿ ಟೋನ್ಡ್ ಅನ್ನೋದು ನಂಬರ್ ಅಲ್ಲ, ಅದೊಂದು ಆಬ್ಜೆಕ್ಟು. ಪ್ರೋಗ್ರಾಮ್ ಓಡ್ತಿರೋವಾಗ ಟೋನ್ಡ್ ಅನ್ನೋ ಆಬ್ಜೆಕ್ಟ್ ಒಂದೇ ಒಂದು ಇರತ್ತೆ, ಅದಕ್ಕೇ ಎರಡು ಈಕ್ವಲ್ ಟು ಹಾಕಿ ಹೋಲಿಸಿದ್ರೂ ನಡ್ಯತ್ತೆ. ಆಬ್ಜೆಕ್ಟ್ ಅಂದ್ಮೇಲೆ ಅದ್ರ ಬಗ್ಗೆ ಏನು ಗೊತ್ತಿರ್ಬೇಕೋ ಅದನ್ನ ಅದ್ರ ಕೈಲೇ ಕೊಟ್ಬಿಡಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿರೋ ಅಂಕಿ ಹಾಕಿದ್ರೆ ಹಿಂಗಾಗತ್ತೆ, ಓದೋಕೆ ಸುಲಭ ಆಗ್ಲಿ ಅಂತ ಹೆಸ್ರುಗಳನ್ನ ಕನ್ನಡ ಅಕ್ಷರದಲ್ಲೇ ಬರ್ದಿದೀನಿ:

ಎನಮ್ ಹಾಲು {
    ಹಸು("3.2", "8.3"),
    ಟೋನ್ಡ್("3.0", "8.5"),
    ಡಬಲ್‌ಟೋನ್ಡ್("1.5", "9.0"),
    ಸ್ಟ್ಯಾಂಡರ್ಡೈಸ್ಡ್("4.5", "8.5"),
    ಫುಲ್‌ಕ್ರೀಮ್("6.0", "9.0"),
    ಸ್ಕಿಮ್ಡ್("0.5", "8.7");
    ...
}

ಮೊದಲ್ನೇದು ಫ್ಯಾಟ್ ಪರ್ಸೆಂಟು, ಎರಡ್ನೇದು ಎಸ್‌ಎನ್‌ಎಫ್. ಕೆಳಗೆ ಎರಡು ಫೈನಲ್ ಫೀಲ್ಡು, ಅವನ್ನ ತುಂಬೋ ಒಂದು ಕನ್‌ಸ್ಟ್ರಕ್ಟರು, ಅಷ್ಟೇ. ಕನ್‌ಸ್ಟ್ರಕ್ಟರ್‌ಗೆ ಪಬ್ಲಿಕ್ ಅಂತ ಹಾಕೋಕೆ ಕಂಪೈಲರ್ ಬಿಡಲ್ಲ, ಅದು ಯಾವತ್ತೂ ಪ್ರೈವೇಟೇ, ಹೊರಗಿನೋರು ಹೊಸ ಹಾಲನ್ನ ಹುಟ್ಟಿಸೋ ಹಂಗಿಲ್ಲ ಅನ್ನೋದೇ ಎನಮ್‌ನ ಬೆಲೆ. ನಿಮ್ಮ ಡಬಲ್ ಟೋನ್ಡ್ ಕತೆ ಇಲ್ಲಿಗೇ ಮುಗೀತು ನೋಡಿ, ಯಾಕಂದ್ರೆ ನಾಳೆ ಹೊಸ ವಿಧ ಸೇರಿಸ್ಬೇಕು ಅಂದ್ರೆ ಬ್ರ್ಯಾಕೆಟ್ ಒಳಗೆ ಎರಡು ಅಂಕಿ ಕೊಡದೆ ಕಂಪೈಲೇ ಆಗಲ್ಲ. ಮರ್ತೋಗೋಕೆ ಜಾಗಾನೇ ಇಲ್ಲ. ನಾಲ್ಕು ಫೈಲಲ್ಲಿ ಹುಡುಕೋ ಕೆಲ್ಸಾನೂ ಇಲ್ಲ.

ಅಂಕಿಗಳನ್ನ ಕೋಟ್ ಒಳಗೆ ಬರ್ದಿದೀನಿ ನೋಡಿ, ಅದು ಬಿಗ್‌ಡೆಸಿಮಲ್‌ಗೋಸ್ಕರ (ದಶಮಾಂಶ ಲೆಕ್ಕ ಕರಾರುವಾಕ್ಕಾಗಿ ಇಡೋ ಜಾವಾ ಕ್ಲಾಸು). ಡಬಲ್ ಅನ್ನೋ ಮಾಮೂಲಿ ನಂಬರ್ ಟೈಪ್ ಇಟ್ಕೊಂಡ್ರೆ ಮೂರ್ನಾಲ್ಕು ರೀಡಿಂಗ್‌ನ ಸರಾಸರಿ ತೆಗೆದಾಗ 3.0 ಬರೋ ಕಡೆ ಚೂರು ಕಮ್ಮಿ ಬಂದು ಒಳ್ಳೆ ಬ್ಯಾಚ್ ಫೇಲ್ ಆಗೋ ಸಾಧ್ಯತೆ ಇದೆ. ಹಂಗೇ ಬಿಗ್‌ಡೆಸಿಮಲ್ ಹೋಲಿಸೋವಾಗ ಈಕ್ವಲ್ಸ್ ಬೇಡ, ಅದ್ರ ಲೆಕ್ಕದಲ್ಲಿ 3.0 ಬೇರೆ 3.00 ಬೇರೆ, ಕಂಪೇರ್‌ಟು ಬಳಸಿ.

ಈಗ ಪಾಸ್ ಫೇಲ್ ವಿಷ್ಯ, ನಂಗೆ ನಿಜವಾಗ್ಲೂ ಖುಷಿ ಕೊಟ್ಟಿದ್ದು ಇದು. ಟೋನ್ಡ್, ಸ್ಟ್ಯಾಂಡರ್ಡೈಸ್ಡ್, ಫುಲ್ ಕ್ರೀಮ್ ಎಲ್ಲಕ್ಕೂ ನಿಯಮ ಒಂದೇ ಥರ, ಫ್ಯಾಟ್ ಇಷ್ಟಕ್ಕಿಂತ ಕಮ್ಮಿ ಇರ್ಬಾರ್ದು. ಆದ್ರೆ ಸ್ಕಿಮ್ಡ್‌ಗೆ ಉಲ್ಟಾ, ಫ್ಯಾಟ್ 0.5ಕ್ಕಿಂತ ಜಾಸ್ತಿ ಇರ್ಬಾರ್ದು. ಕೆನೆ ತೆಗೆದ ಹಾಲು ಅಂತ ಮಾರ್ತಾ ಇದೀವಿ ಅಂದ್ಮೇಲೆ ಕೆನೆ ಇರ್ಬಾರ್ದಲ್ಲ. ಎಸ್‌ಎನ್‌ಎಫ್ ಮಾತ್ರ ಅದಕ್ಕೂ ಕನಿಷ್ಠಾನೇ. ಇದನ್ನ ಹೊರಗಡೆ ಬರೆಯೋರು ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ ಇಫ್ ಸ್ಕಿಮ್ಡ್ ಆಗಿದ್ರೆ ಹಂಗೆ ಇಲ್ಲಾಂದ್ರೆ ಹಿಂಗೆ ಅಂತ ಹಾಕ್ತಾರೆ, ಆಮೇಲೆ ರಿಪೋರ್ಟಲ್ಲೂ ಅದೇ ಇಫ್, ಮೊಬೈಲ್ ಆಪಲ್ಲೂ ಅದೇ ಇಫ್. ಎನಮ್‌ನಲ್ಲಿ ಪಾಸಾ ಅಂತ ಒಂದು ಮೆಥಡ್ ಬರೀರಿ, ಎಲ್ಲರಿಗೂ ಕನಿಷ್ಠದ ಲೆಕ್ಕ, ಸ್ಕಿಮ್ಡ್ ಮುಂದೆ ಮಾತ್ರ ಕರ್ಲಿ ಬ್ರೇಸ್ ತೆಗೆದು ಆ ಮೆಥಡ್‌ನ ಓವರ್‌ರೈಡ್ ಮಾಡಿ. ಟೋನ್ಡ್, ಸ್ಕಿಮ್ಡ್ ಥರದ ಒಂದೊಂದು ಕಾನ್‌ಸ್ಟೆಂಟಿಗೂ ಅದ್ರದ್ದೇ ಬಾಡಿ ಇರ್ಬೋದು ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ. ಎಲ್ಲ ಕಾನ್‌ಸ್ಟೆಂಟಿಗೂ ಬೇರೆ ಬೇರೆ ಲೆಕ್ಕ ಇದ್ರೆ ಮೆಥಡ್‌ನ ಅಬ್‌ಸ್ಟ್ರಾಕ್ಟ್ ಮಾಡ್ಬಿಡಿ, ಆಗ ಯಾರು ಬರೀದೇ ಬಿಟ್ರೂ ಕಂಪೈಲರ್ ಹಿಡ್ಕೊಳತ್ತೆ.

ಇಲ್ಲೊಂದು ಕಡೆ ಎಲ್ರೂ ಎಡವ್ತಾರೆ. ಫೀಲ್ಡ್ ಪ್ರೈವೇಟ್ ಇದ್ರೆ ಸ್ಕಿಮ್ಡ್‌ನ ಬಾಡಿ ಒಳಗಿಂದ ಅದನ್ನ ನೇರವಾಗಿ ಹೆಸ್ರು ಹಿಡಿದು ಕರೆದಾಗ ಕಂಪೈಲರ್ ಸ್ಟ್ಯಾಟಿಕ್ ಕಾಂಟೆಕ್ಸ್ಟ್ ಅಂತ ಏನೇನೋ ಎರರ್ ಕೊಡತ್ತೆ, ನೋಡಿದ್ರೆ ಸಂಬಂಧಾನೇ ಇಲ್ಲ ಅನ್ಸತ್ತೆ. ಕಾರಣ ಏನಂದ್ರೆ ಆ ಬಾಡಿ ಇರೋ ಕಾನ್‌ಸ್ಟೆಂಟ್ ಒಳಗೊಳಗೇ ಒಂದು ಹೆಸ್ರಿಲ್ಲದ ಸಬ್‌ಕ್ಲಾಸ್ ಆಗಿರತ್ತೆ, ಪ್ರೈವೇಟ್ ಫೀಲ್ಡ್ ಸಬ್‌ಕ್ಲಾಸಿಗೆ ಇಳಿದು ಬರಲ್ಲ. ಸೂಪರ್ ಡಾಟ್ ಹಾಕಿ ಕರೀರಿ, ಇಲ್ಲಾಂದ್ರೆ ಫೀಲ್ಡ್‌ನಿಂದ ಪ್ರೈವೇಟ್ ತೆಗೀರಿ, ಫೈನಲ್ ಇದ್ದೇ ಇದೆಯಲ್ಲ. ಇದೇ ಕಾರಣಕ್ಕೆ ಗೆಟ್‌ಕ್ಲಾಸ್ ಕೇಳಿದ್ರೆ ಸ್ಕಿಮ್ಡ್ ಬೇರೆ ಕ್ಲಾಸ್ ಅಂತ ಹೇಳತ್ತೆ, ಯಾವ ಎನಮ್ ಅಂತ ಬೇಕಿದ್ರೆ ಗೆಟ್‌ಡಿಕ್ಲೇರಿಂಗ್‌ಕ್ಲಾಸ್ ಕೇಳ್ಬೇಕು.

ಆದ್ರೆ ನಾನಾಗಿದ್ರೆ ಇಲ್ಲಿ ಓವರ್‌ರೈಡೂ ಮಾಡ್ತಿರ್ಲಿಲ್ಲ. ಮಿತಿ ಅಂತ ಒಳಗೇ ಒಂದು ಪುಟ್ಟ ಎನಮ್ ಮಾಡಿ, ಅದ್ರಲ್ಲಿ ಕನಿಷ್ಠ ಗರಿಷ್ಠ ಅಂತ ಎರಡೇ, ಹೋಲಿಸೋ ಲೆಕ್ಕ ಅವುಗಳ ಹತ್ರ ಇರ್ಲಿ. ಆಮೇಲೆ ಟೋನ್ಡ್‌ಗೆ ಕನಿಷ್ಠ ಅಂತ ಕೊಡಿ, ಸ್ಕಿಮ್ಡ್‌ಗೆ ಗರಿಷ್ಠ ಅಂತ ಕೊಡಿ. ಆಗ ಮೇಲಿನ ಪಟ್ಟಿ ಓದಿದ್ರೇನೇ ನಿಯಮ ಪೂರ್ತಿ ಕಾಣ್ಸತ್ತೆ, ಲ್ಯಾಬ್‌ನೋರಿಗೇ ತೋರಿಸಿ ಸರಿಯಾ ಅಂತ ಕೇಳ್ಬೋದು. ಜಾವಾ 8 ಆದ್ಮೇಲೆ ಲ್ಯಾಂಬ್ಡಾನೇ (ಹೆಸ್ರಿಲ್ಲದ ಪುಟ್ಟ ಫಂಕ್ಷನ್) ಕನ್‌ಸ್ಟ್ರಕ್ಟರಿಗೆ ಕೊಡೋರೂ ಇದಾರೆ, ಅದೂ ಸರಿಯೇ, ಆದ್ರೆ ಆ ಲ್ಯಾಂಬ್ಡಾ ಒಳಗಿಂದ ಅದೇ ಕಾನ್‌ಸ್ಟೆಂಟಿನ ಫೀಲ್ಡ್‌ಗಳು ಸಿಗಲ್ಲ, ಬೇಕಾದ್ದೆಲ್ಲ ಪ್ಯಾರಾಮೀಟರ್ ಆಗಿ ಕಳಿಸ್ಬೇಕು.

ಸೆಟ್ಟರ್ (ಫೀಲ್ಡ್ ಬದಲಾಯ್ಸೋ ಮೆಥಡ್) ಮಾತ್ರ ಯಾವತ್ತೂ ಬರೀಬೇಡಿ. ಟೋನ್ಡ್ ಒಂದೇ ಆಬ್ಜೆಕ್ಟು ಅಂದೆನಲ್ಲ, ಸರ್ವರ್ ಮೇಲೆ ಒಬ್ರು ಅದ್ರ ಫ್ಯಾಟ್ ಬದಲಾಯ್ಸಿದ್ರೆ ಅದೇ ಹೊತ್ತಲ್ಲಿ ಕೆಲ್ಸ ಮಾಡ್ತಿರೋ ಎಲ್ಲರಿಗೂ ಬದಲಾಗೋಗತ್ತೆ.


ಮದ್ದೂರು ಬೈಟ್:

ಅಕ್ಕ ಇಷ್ಟು ಬಿಡ್ಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಸ್ಟ್ಯಾಟಿಕ್ ಕಾಂಟೆಕ್ಸ್ಟ್ ಎರರ್ ಈಗ್ಲೇ ಬಂತು, ಸೂಪರ್ ಹಾಕಿದ್ಮೇಲೆ ಹೋಯ್ತು. ಕನಿಷ್ಠ ಗರಿಷ್ಠ ಎನಮ್ ಐಡಿಯಾ ಸಕ್ಕತ್ತಾಗಿದೆ, ಅದನ್ನೇ ಮಾಡ್ತೀನಿ.

ಹಂಗಾದ್ರೆ ರೇಟು, ಜಿಎಸ್‌ಟಿ? ಡೇರಿಲಿ ಮೊಸ್ರು ತುಪ್ಪ ಪನೀರ್ ಕೂಡ ಮಾರ್ತಾರೆ, ಅದಕ್ಕೆ ಪ್ರಾಡಕ್ಟ್ ಅಂತ ಇನ್ನೊಂದು ಎನಮ್ ಇದೆ. ತುಪ್ಪಕ್ಕೆ ಬ್ರ್ಯಾಕೆಟ್ಟಲ್ಲಿ ರೇಟು, ಟ್ಯಾಕ್ಸು ಎರಡೂ ಕೊಟ್ಬಿಟ್ರೆ ಬಿಲ್ ಲೆಕ್ಕಾನೂ ಎನಮ್ ಒಳಗೇ ಆಗೋಗತ್ತೆ. ಓನರ್ ಕೂಡ ರೇಟ್ ಏನ್ ದಿನಾ ಬದಲಾಗಲ್ವಲ್ಲ ಅಂತಾರೆ.


ವಿಸಿ ನಾಲೆ:

ರೇಟ್ ಒಳಗಾಕ್ಬ್ಯಾಡ ಕಣಪ್ಪ, ಕೈ ಮುಗಿತೀನಿ. ನಾನೂ ಮಂಡ್ಯದೋನೆ, ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲ್ಸಾನೇ ಮಾಡದು, ಇದ್ರ ಬಗ್ಗೆ ಹೇಳ್ಲೇಬೇಕು.

ನಮ್ಮೂರಲ್ಲಿ ಅಂಗ್ಡಿ ಬೋರ್ಡ್ ನೋಡಿದ್ದೀಯಲ್ಲ, ಸಾಮಾನಿನ ಹೆಸ್ರ ಪೈಂಟಲ್ಲಿ ಬರ್ಸಿರ್ತಾರೆ, ರೇಟ ಸೀಮೆಸುಣ್ಣದಲ್ಲಿ ಬರ್ದಿರ್ತಾರೆ. ಎನಮ್ ಅನ್ನದು ಪೈಂಟು. ರೇಟ್ ಬದಲಾಗದು ನಿನ್ ಕೈಲಿಲ್ಲ, ಓನರ್ ಕೈಲೂ ಇಲ್ಲ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರ್ತು, ಅವ್ರು ಏರ್ಸದ್ಮೇಲೆ ಸುತ್ತಮುತ್ತ ಪ್ರೈವೇಟ್ ಡೇರಿಗಳೂ ತಮ್ಮ ರೇಟ್ ನೋಡ್ಕಬೇಕಾಯ್ತದೆ. ಆವತ್ತು ಬೆಳಿಗ್ಗೆ ಐದ್ ಗಂಟೆಗೆ ಗಾಡಿ ಹೊರಡದ್ರೊಳ್ಗೆ ಕೋಡ್ ತಿದ್ದಿ ಬಿಲ್ಡ್ ಮಾಡಿ ಡಿಪ್ಲಾಯ್ ಮಾಡಕ್ಕೆ ನೀನ್ ಎದ್ದಿರ್ತೀಯಾ? ಟೇಬಲ್ಲಲ್ಲಿ ಇದ್ರೆ ಆಫೀಸಲ್ಲಿರೋರೇ ಹಿಂದಿನ ದಿನ ಸಾಯಂಕಾಲ ತುಂಬ್ಸಿ ಮನ್ಗೋಯ್ತಾರೆ.

ಅದಕ್ಕಿಂತ ದೊಡ್ ಸಮಸ್ಯೆ ಜಿಎಸ್‌ಟಿದು. ತುಪ್ಪ, ಬೆಣ್ಣೆಗೆ 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5 ಆಯ್ತು. ಪ್ಯಾಕ್ ಮಾಡಿದ ಪನೀರ್‌ಗೆ 5 ಇದ್ದುದ್ದು ಸೊನ್ನೆ ಆಯ್ತು, ಯುಎಚ್‌ಟಿ (ತುಂಬಾ ಬಿಸಿ ಮಾಡಿ ಬಹಳ ದಿನ ಕೆಡದಂಗೆ ಪ್ಯಾಕ್ ಮಾಡಿದ) ಹಾಲಿಗೂ ಹಂಗೇ 5ರಿಂದ ಸೊನ್ನೆ. ಅದ್ಕೂ ಮುಂಚೆ 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಮೊಸ್ರಿಗೆ 5 ಪರ್ಸೆಂಟ್ ಹೊಸ್ದಾಗಿ ಬಂದಿತ್ತು. ಈಗ ನೀನು ತುಪ್ಪ ಅನ್ನೋ ಕಾನ್‌ಸ್ಟೆಂಟ್ ಒಳಗೆ 12 ಅಂತ ಇಟ್ಟಿದ್ದೆ ಅನ್ಕೋ, ಸೆಪ್ಟೆಂಬರ್ 22ಕ್ಕೆ ಅದ 5 ಮಾಡ್ದೆ, ಸರಿ. ಅಕ್ಟೋಬರಲ್ಲಿ ಯಾವ್ದೋ ಹೋಟ್ಲೋರು ಬಂದು ಆಗಸ್ಟ್ ಬಿಲ್ ಕಳೆದೋಗದೆ ಇನ್ನೊಂದ್ ಪ್ರಿಂಟ್ ಕೊಡಿ ಅಂತಾರೆ, ಸಾಫ್ಟ್‌ವೇರು ಅದ್ನ 5 ಪರ್ಸೆಂಟ್ ಲೆಕ್ಕ ಹಾಕಿ ಕೊಡ್ತದೆ, ಹಳೇ ಕಾಪಿಗೂ ಇದಕ್ಕೂ ಟೋಟಲ್ಲೇ ತಾಳೆ ಆಗದಿಲ್ಲ, ಆಡಿಟರ್ ಬಂದು ಕೂತ್ಕತಾರೆ. ಎನಮ್‌ಗೆ ನಿನ್ನೆ ಇವತ್ತು ಅನ್ನದು ಗೊತ್ತಿಲ್ಲ ಕಣಪ್ಪ, ಅದಕ್ಕೆ ಗೊತ್ತಿರದು ಈಗ ಓಡ್ತಾ ಇರೋ ಕೋಡ್ ಮಾತ್ರ.

ಅದಕ್ಕೆ ನಾನ್ ಮಾಡದು ಹಿಂಗೆ. ಪ್ರಾಡಕ್ಟ್ ಎನಮ್ ಒಳಗೆ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗೆ ಸಾಮಾನು ಯಾವ್ದು ಅಂತ ಗುರ್ತಿಸೋ ನಂಬರ್) ಇಡ್ತೀನಿ, ಹಾಲಿಗೆ 0401, ಮೊಸ್ರಿಗೆ 0403, ತುಪ್ಪ ಬೆಣ್ಣೆಗೆ 0405, ಪನೀರಿಗೆ 0406, ಅದು ಸುಮ್ಸುಮ್ನೆ ಬದಲಾಗಲ್ಲ. ಪರ್ಸೆಂಟೇಜ್ ಮಾತ್ರ ಟೇಬಲ್ಲಲ್ಲಿ, ಯಾವ ತಾರೀಕಿಂದ ಯಾವ ತಾರೀಕಿನವರ್ಗೆ ಅನ್ನೋ ಎರಡು ಕಾಲಮ್ ಜೊತೆ. ಬಿಲ್ ತಾರೀಕ್ ಕೊಟ್ರೆ ಆವತ್ತಿನ ಪರ್ಸೆಂಟ್ ಸಿಕ್ತದೆ. ಮಾರೋ ರೇಟೂ ಹಂಗೇ. ಇವತ್ತಿನ ರೇಟ್‌ಗಳನ್ನ ಒಂದ್ಸತಿ ಓದಿ ಎನಮ್‌ಮ್ಯಾಪ್‌ನಲ್ಲಿ ಇಟ್ಕಂಡ್ರೆ ಆಯ್ತು, ಅದು ಒಳಗೆ ಬರೀ ಅರೇ ಆಗಿರದ್ರಿಂದ ಬಲು ಜೋರಾಗ್ ಓಡ್ತದೆ, ನಿಂಗೆ ಪ್ರಾಡಕ್ಟ್ ಕೊಟ್ರೆ ರೇಟ್ ಸಿಗ್ತದೆ, ಎನಮ್ ಕ್ಲೀನಾಗಿರ್ತದೆ.


ಬೋಗಾದಿ ರೋಡ್:

ನಾಲೆಯವ್ರು ಹೇಳಿದ್ದು ನೂರಕ್ಕೆ ನೂರು ಸರಿ, ಅದಕ್ಕೆ ಒಂದು ಸೇರಿಸ್ತೀನಿ. ಫ್ಯಾಟ್ ಅಂಕಿ ಕೂಡ ಬದಲಾಗಲ್ಲ ಅಂತ ಪೂರ್ತಿ ನಂಬ್ಕೊಂಡು ಕೂರ್ಬೇಡಿ. ಹಸುವಿನ ಹಾಲಿಗೆ ಮುಂಚೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ಕನಿಷ್ಠ ಇತ್ತು, ಆಮೇಲೆ ದೇಶಕ್ಕೆಲ್ಲ ಒಂದೇ ಅಂತ 3.2 ಮತ್ತು 8.3 ಮಾಡಿದ್ರು. ಆದ್ರೂ ನಾನು ಅದನ್ನ ಎನಮ್‌ನಲ್ಲೇ ಇಡ್ತೀನಿ, ಯಾಕಂದ್ರೆ ಅಂಥ ನಿಯಮ ಬದಲಾದಾಗ ಬರೀ ಒಂದು ಅಂಕಿ ಅಲ್ಲ, ಲೇಬಲ್ಲು, ಟೆಸ್ಟು, ಲ್ಯಾಬ್‌ನ ಪದ್ಧತಿ ಎಲ್ಲ ನೋಡ್ಬೇಕಾಗತ್ತೆ, ಹೇಗಿದ್ರೂ ಕೋಡ್ ಮುಟ್ಟಿ ಹೊಸ ರಿಲೀಸ್ ಮಾಡೋದೇ, ಅದು ಹಾಗೆ ಆಗ್ಬೇಕು ಕೂಡ, ಡೇರಿ ಆಫೀಸಿನಲ್ಲಿ ಯಾರೋ ಸ್ಕ್ರೀನ್ ತೆಗೆದು 3.0ನ 2.8 ಮಾಡೋ ಹಂಗಿರ್ಬಾರ್ದು. ರೇಟಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ, ರೇಟನ್ನ ಬದಲಾಯ್ಸೋ ಅಧಿಕಾರ ಆಫೀಸಿನೋರಿಗಿದೆ, ಫ್ಯಾಟ್ ಮಿತಿ ಬದಲಾಯ್ಸೋ ಅಧಿಕಾರ ಅವ್ರಿಗಿಲ್ಲ. ಬ್ಯಾಚ್ ಸೇವ್ ಮಾಡೋವಾಗ ಬರೀ ಪಾಸ್ ಅಂತ ಬರೀದೇ ಆವತ್ತು ಬಳಸಿದ ಮಿತಿ ಎಷ್ಟು ಅನ್ನೋದನ್ನೂ ಜೊತೆಗೆ ಸೇವ್ ಮಾಡಿ, ಮುಂದೆ ನಿಯಮ ಬದಲಾದ್ರೂ ಹಳೇ ದಾಖಲೆ ಸುಳ್ಳಾಗಲ್ಲ.


ಪಾಂಡವಪುರ ಪ್ಯಾಸೆಂಜರ್:

ಡೇಟಾಬೇಸ್‌ನಲ್ಲಿ ಹೆಂಗೆ ಸೇವ್ ಆಗ್ತಿದೆ ಅಂತ ಮೊದ್ಲು ನೋಡಿ ಗುರು. ಜೆಪಿಎ (ಜಾವಾ ಆಬ್ಜೆಕ್ಟ್‌ನ ಡೇಟಾಬೇಸ್‌ಗೆ ಸೇವ್ ಮಾಡೋ ಪದ್ಧತಿ) ಬಳಸ್ತಿದ್ದು ಏನೂ ಹೇಳದೇ ಬಿಟ್ಟಿದ್ರೆ ಅದು ಆರ್ಡಿನಲ್ ಸೇವ್ ಮಾಡತ್ತೆ, ಅಂದ್ರೆ ಟೋನ್ಡ್ ಮೊದಲ್ನೇದಾದ್ರೆ 0, ಮುಂದಿನ್ದು 1 ಹಿಂಗೆ. ಮೇಡಂ ಬರ್ದಿರೋ ಪಟ್ಟಿನ ಕಾಪಿ ಮಾಡಿ ಹಾಕ್ಬಿಟ್ರೆ ಹಸು ಅನ್ನೋದು ಮೇಲೆ ಬಂದು ಕೂರತ್ತೆ, ಆಗ ಹಳೇ ರೆಕಾರ್ಡೆಲ್ಲ ಒಂದೊಂದು ಮನೆ ಜರುಗೋಗತ್ತೆ, ಟೋನ್ಡ್ ಅಂತ ಸೇವ್ ಆಗಿದ್ದೆಲ್ಲ ಹಸು ಅಂತ ಓದತ್ತೆ. ಎರರ್ ಒಂದೂ ಬರಲ್ಲ, ಅದೇ ಭಯಂಕರ.

ಸ್ಟ್ರಿಂಗ್ ಅಂತ ಹಾಕಿದ್ರೆ ಹೆಸ್ರು ಸೇವ್ ಆಗತ್ತೆ, ಆರ್ಡರ್ ಬದಲಾದ್ರೂ ತೊಂದ್ರೆ ಇಲ್ಲ, ಆದ್ರೆ ಮುಂದೆ ಯಾರಾದ್ರೂ ಕಾನ್‌ಸ್ಟೆಂಟ್ ಹೆಸ್ರು ಬದಲಾಯ್ಸಿದ್ರೆ ಹಳೇ ಹೆಸ್ರು ಓದೋವಾಗ ಎಕ್ಸೆಪ್ಷನ್ ಬರತ್ತೆ. ನಂಗೆ ಇಷ್ಟ ಆಗೋದು ಎನಮ್ ಒಳಗೇ ಕೋಡ್ ಅಂತ ಇನ್ನೊಂದು ಫೀಲ್ಡು, ಟಿಎಂ, ಡಿಟಿಎಂ, ಎಸ್‌ಎಂ, ಎಫ್‌ಸಿಎಂ ಥರ, ಡೇಟಾಬೇಸ್‌ಗೆ ಹೋಗೋದು ಬರೋದು ಅದೇ. ಜೆಪಿಎ 2.1ರಿಂದ ಅದಕ್ಕೆ ಆಟ್ರಿಬ್ಯೂಟ್ ಕನ್ವರ್ಟರ್ ಇದೆ. ಕೋಡಲ್ಲಿ ಆರ್ಡಿನಲ್ ಅನ್ನೋ ಮೆಥಡ್‌ನ ಎಲ್ಲಾದ್ರೂ ಕರೆದಿದಾರಾ ಅಂತ ಒಂದ್ಸಲ ಸರ್ಚ್ ಹೊಡೀರಿ.


ಹೆಬ್ಬಾಳ್ ಇಂಡಸ್ಟ್ರಿಯಲ್:

ಶಿಫ್ಟ್ ಮುಗೀತು, ಬಂದೆ. ಎಲ್ಲ ಒಪ್ತೀನಿ, ಒಂದಕ್ಕೆ ಮಾತ್ರ ತಕರಾರು. ಎಲ್ಲಾ ಸ್ವಿಚ್ ತೆಗೆದು ಎನಮ್ ಒಳಗೆ ತುಂಬೋದು ಅಂತ ಶುರು ಮಾಡ್ಬೇಡಿ. ಲೇಬಲ್ ಪ್ರಿಂಟರ್‌ಗೆ ಯಾವ ಟೆಂಪ್ಲೇಟ್ ಕಳಿಸ್ಬೇಕು, ಸ್ಕ್ರೀನ್ ಮೇಲೆ ಪ್ಯಾಕೆಟ್ ಯಾವ ಬಣ್ಣದಲ್ಲಿ ತೋರಿಸ್ಬೇಕು, ಇದೆಲ್ಲ ಹಾಲಿನ ಗುಣ ಅಲ್ಲ, ಪ್ರಿಂಟರ್‌ದು ಸ್ಕ್ರೀನ್‌ದು. ಅದನ್ನೂ ಎನಮ್‌ಗೆ ತುಂಬಿದ್ರೆ ಹಾಲು ಅನ್ನೋ ಎನಮ್‌ಗೆ ಪ್ರಿಂಟರ್ ಲೈಬ್ರರಿ ಬೇಕಾಗತ್ತೆ, ಲ್ಯಾಬ್ ಮಾಡ್ಯೂಲ್ ಕಂಪೈಲ್ ಮಾಡೋಕೂ ಪ್ರಿಂಟರ್ ಬೇಕು ಅನ್ನೋ ಸ್ಥಿತಿ ಬರತ್ತೆ. ಅಂಥ ಕಡೆ ಸ್ವಿಚ್ ಹೊರಗಡೇನೇ ಇರ್ಲಿ.

ಆದ್ರೆ ಹಳೇ ಸ್ವಿಚ್ ಅಲ್ಲ. 2020ರಲ್ಲಿ ಬಂದ ಜಾವಾ 14ರಿಂದ ಬಾಣದ ಗುರುತಿನ ಸ್ವಿಚ್ ಎಕ್ಸ್‌ಪ್ರೆಶನ್ ಪಕ್ಕಾ ಆಗಿದೆ, ಅದ್ರಲ್ಲಿ ಎನಮ್ ಮೇಲೆ ಸ್ವಿಚ್ ಮಾಡಿ ಡಿಫಾಲ್ಟ್ ಬರೀದೇ ಬಿಟ್ರೆ, ಒಂದು ಕೇಸ್ ತಪ್ಪಿದ್ರೂ ಕಂಪೈಲ್ ಆಗಲ್ಲ. ನಿಮ್ಮ ಕೋಡಲ್ಲಿ ಅನಾಹುತ ಮಾಡಿದ್ದು ಸ್ವಿಚ್ ಅಲ್ಲ, ಸೊನ್ನೆ ಕೊಡೋ ಆ ಡಿಫಾಲ್ಟು. ಡೇರಿಲಿ ಇನ್ನೂ ಜಾವಾ 8 ಓಡ್ತಿದ್ರೆ ಇದು ಸಿಗಲ್ಲ, ಆಗ ಡಿಫಾಲ್ಟ್‌ನಲ್ಲಿ ಎಕ್ಸೆಪ್ಷನ್ ಎಸೀರಿ.

ಲೇಬಲ್ ಮೇಲಿನ ಕನ್ನಡ ಹೆಸ್ರನ್ನ ಎನಮ್‌ನಲ್ಲಿ ಇಡ್ಬೋದಾ ಅಂದ್ರೆ, ಒಂದೇ ಭಾಷೆ ಆದ್ರೆ ಇಟ್ಕೊಳ್ಳಿ ಪರ್ವಾಗಿಲ್ಲ. ಲೇಬಲ್ ಮೇಲೆ ಕನ್ನಡ ಇಂಗ್ಲಿಷ್ ಎರಡೂ ಬೇಕು ಅಂದ್ರೆ ಹೆಸ್ರುಗಳು ರಿಸೋರ್ಸ್ ಬಂಡಲ್‌ನಲ್ಲಿರ್ಲಿ (ಭಾಷೆಗೊಂದರಂತೆ ಇಡೋ ಪದಗಳ ಫೈಲು), ಎನಮ್ ಹತ್ರ ಅದ್ರ ಕೀ ಇದ್ರೆ ಸಾಕು.


ಗಂಜಾಂ ಬಾಗ್ಲು:

ಜಾವಾ ಬಿಟ್ಟು ಬೇರೆ ಭಾಷೆಗೆ ಇದನ್ನೇ ತಗೊಂಡೋಗೋರಿಗೆ ಒಂದು ಮಾತು, ನಾನು ಪೈಥಾನ್ ಬರೆಯೋನು, ಈ ಹಾಲಿನ ಉದಾಹರಣೆ ಪೈಥಾನ್‌ನಲ್ಲಿ ಸರಿಯಾಗಿ ಒಂದು ಗುಂಡಿಗೆ ಬೀಳತ್ತೆ. ಎಫ್‌ಎಸ್‌ಎಸ್‌ಎಐ ಪಟ್ಟಿಲಿ ಮಿಕ್ಸ್ಡ್ ಮಿಲ್ಕ್ ಅಂತ ಇನ್ನೊಂದಿದೆ, ಅದಕ್ಕೂ ಫ್ಯಾಟ್ 4.5 ಎಸ್‌ಎನ್‌ಎಫ್ 8.5, ಸ್ಟ್ಯಾಂಡರ್ಡೈಸ್ಡ್‌ಗೂ ಅದೇ 4.5, 8.5. ಜಾವಾದಲ್ಲಿ ಅವೆರಡೂ ಬೇರೆ ಬೇರೆ ಆಬ್ಜೆಕ್ಟು, ಒಳಗಿನ ಅಂಕಿ ಒಂದೇ ಇದ್ರೂ ಏನಾಗಲ್ಲ. ಪೈಥಾನ್ ಎನಮ್‌ನಲ್ಲಿ ಎರಡು ಸದಸ್ಯರ ವ್ಯಾಲ್ಯೂ ಒಂದೇ ಆದ್ರೆ ಎರಡ್ನೇದು ಮೊದಲ್ನೇದಕ್ಕೆ ಇನ್ನೊಂದು ಹೆಸ್ರು ಅಷ್ಟೇ ಆಗತ್ತೆ, ಲೂಪ್ ಹಾಕಿದ್ರೆ ಎರಡ್ನೇದು ಕಾಣೋದೇ ಇಲ್ಲ, ಪ್ರಿಂಟ್ ಮಾಡಿದ್ರೂ ಮೊದಲ್ನೇದ್ರ ಹೆಸ್ರೇ ಬರತ್ತೆ. ಮಿಕ್ಸ್ಡ್ ಹಾಲಿನ ಬ್ಯಾಚು ಸ್ಟ್ಯಾಂಡರ್ಡೈಸ್ಡ್ ಲೆಕ್ಕಕ್ಕೆ ಸೇರೋಗತ್ತೆ. ಅದಕ್ಕೆ ಯೂನೀಕ್ ಅನ್ನೋ ಡೆಕೊರೇಟರ್ ಹಾಕಿ, ಎರಡು ಒಂದೇ ಇದ್ರೆ ಅಲ್ಲೇ ವ್ಯಾಲ್ಯೂ ಎರರ್ ಬರತ್ತೆ. ಮತ್ತೆ ಟ್ಯೂಪಲ್‌ನಲ್ಲಿ ಮೊದ್ಲು ಆ ಡಿಟಿಎಂ ಎಸ್‌ಎಂ ಥರದ ಕೋಡ್ ಇಟ್ರೆ ಯಾವತ್ತೂ ಒಂದೇ ಆಗಲ್ಲ.

ಸಿ ಶಾರ್ಪ್‌ನಲ್ಲಂತೂ ಎನಮ್ ಬರೀ ನಂಬರೇ, ಒಳಗೆ ಮೆಥಡ್ ಬರೆಯೋಕಾಗಲ್ಲ, ಎಕ್ಸ್‌ಟೆನ್ಶನ್ ಮೆಥಡ್ ಹೊರಗಡೆ ಬರೀಬೇಕು. ಪಿಎಚ್‌ಪಿಗೆ 2021ರಲ್ಲಿ 8.1 ಜೊತೆ ಎನಮ್ ಬಂತು, ಮೆಥಡ್ ಇಡ್ಬೋದು, ಫೀಲ್ಡ್ ಇಡೋ ಹಂಗಿಲ್ಲ. ಕಾಟ್ಲಿನ್ ಹೆಚ್ಚು ಕಮ್ಮಿ ಜಾವಾ ಥರಾನೇ.


ಮದ್ದೂರು ಬೈಟ್:

ಡೇಟಾಬೇಸ್ ನೋಡ್ದೆ, ಪಾಂಡವಪುರದವ್ರು ಹೇಳಿದ್ದು ನಿಜ, ಅಲ್ಲಿ 0 1 2 ಅಂತಾನೇ ಇದೆ! ಪಟ್ಟಿ ಮುಟ್ಟೋಕೆ ಮುಂಚೆ ಅದನ್ನ ಕೋಡ್‌ಗೆ ಬದಲಾಯ್ಸೋ ಸ್ಕ್ರಿಪ್ಟ್ ಬರೀತೀನಿ. ರೇಟು ಜಿಎಸ್‌ಟಿ ತಾರೀಕಿನ ಟೇಬಲ್‌ಗೆ ಹೋಗತ್ತೆ, ನಾಲೆ ಅಣ್ಣನ ಆಗಸ್ಟ್ ಬಿಲ್ ಉದಾಹರಣೆ ಓನರ್‌ಗೆ ಹೇಳಿದ್ಮೇಲೆ ಅವ್ರೂ ಒಪ್ಕೊಂಡ್ರು.

ಇನ್ನೊಂದೇ ಡೌಟು. ಲ್ಯಾಬ್‌ನ ಅನಲೈಸರ್ ಮೆಷಿನ್ನಿಂದ ಫೈಲ್ ಬರತ್ತೆ, ಅದ್ರಲ್ಲಿ ಡಿಟಿಎಂ ಅಂತ ಕೋಡ್ ಇರತ್ತೆ, ಅದರಿಂದ ಎನಮ್ ಹುಡುಕ್ಬೇಕು. ಒಂದು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್ ಇಟ್ಟು, ಕನ್‌ಸ್ಟ್ರಕ್ಟರ್ ಒಳಗೇ ಅದಕ್ಕೆ ಹಾಕ್ಕೊಳ್ಳೋಣ ಅಂತ ನೋಡಿದ್ರೆ ಕಂಪೈಲರ್ ಬಿಡ್ತಿಲ್ಲ. ಯಾಕೆ?


ಬೋಗಾದಿ ರೋಡ್:

ಕಂಪೈಲರ್ ನಿಮ್ಮನ್ನ ಕಾಪಾಡ್ತಿದೆ. ಎನಮ್‌ನಲ್ಲಿ ಮೊದ್ಲು ಹುಟ್ಟೋದು ಟೋನ್ಡ್, ಡಬಲ್ ಟೋನ್ಡ್ ಈ ಕಾನ್‌ಸ್ಟೆಂಟ್‌ಗಳು, ಕೆಳಗಿರೋ ಸ್ಟ್ಯಾಟಿಕ್ ಫೀಲ್ಡ್‌ಗಳು ಆಮೇಲೆ. ಕನ್‌ಸ್ಟ್ರಕ್ಟರ್ ಓಡೋ ಹೊತ್ತಿಗೆ ನಿಮ್ಮ ಮ್ಯಾಪ್ ಇನ್ನೂ ಹುಟ್ಟೇ ಇರಲ್ಲ, ನಲ್ ಆಗಿರತ್ತೆ, ಅದಕ್ಕೇ ಅಲ್ಲಿಂದ ಮುಟ್ಟೋದನ್ನೇ ಭಾಷೆ ನಿಷೇಧ ಮಾಡಿದೆ. ಮ್ಯಾಪ್ ಆದ್ಮೇಲೆ ಒಂದು ಸ್ಟ್ಯಾಟಿಕ್ ಬ್ಲಾಕ್ ಬರ್ದು, ವ್ಯಾಲ್ಯೂಸ್ ಮೇಲೆ ಲೂಪ್ ಹೊಡೆದು ಒಂದೊಂದನ್ನೂ ಹಾಕಿ. ವ್ಯಾಲ್ಯೂಸ್ ಪ್ರತಿ ಸಲ ಕರೆದಾಗ್ಲೂ ಹೊಸ ಅರೇ ಕಾಪಿ ಮಾಡಿ ಕೊಡತ್ತೆ, ಮೆಷಿನ್ ಫೈಲ್‌ನ ಪ್ರತಿ ಸಾಲಿಗೂ ಅದನ್ನ ಕರೆದು ಹುಡುಕೋದು ಬೇಡ ಅನ್ನೋದಕ್ಕೂ ಈ ಮ್ಯಾಪ್ ಒಳ್ಳೇದು.

ಹಾಕೋವಾಗ ಪುಟ್ ವಾಪಸ್ ಕೊಡೋದು ನಲ್ ಅಲ್ಲದೇ ಇದ್ರೆ ಎರಡು ವಿಧಕ್ಕೆ ಒಂದೇ ಕೋಡ್ ಕೊಟ್ಟಿದಾರೆ ಅಂತ ಅರ್ಥ, ಅಲ್ಲೇ ಎಕ್ಸೆಪ್ಷನ್ ಎಸೀರಿ, ಅಪ್ಲಿಕೇಶನ್ ಶುರುವಾಗ್ಲೇ ಬಾರ್ದು. ಗೊತ್ತಿಲ್ದೇ ಇರೋ ಕೋಡ್ ಬಂದ್ರೆ ಟೋನ್ಡ್ ಅಂತ ಅಂದ್ಕೊಳ್ಳೋದು, ನಲ್ ಕೊಡೋದು ಎರಡೂ ಬೇಡ, ಆ ಸಾಲನ್ನ ಪಕ್ಕಕ್ಕಿಟ್ಟು ಲ್ಯಾಬ್‌ನೋರ ಸ್ಕ್ರೀನ್‌ಗೆ ಕಳಿಸಿ, ಅವ್ರು ನೋಡಿ ಹೇಳೋವರ್ಗೂ ಆ ಬ್ಯಾಚ್ ಪ್ಯಾಕಿಂಗ್‌ಗೆ ಹೋಗದೇ ಇರ್ಲಿ. ಟೆಸ್ಟ್ ಬರೆಯೋವಾಗ ಎಲ್ಲ ಕಾನ್‌ಸ್ಟೆಂಟ್ ಮೇಲೂ ಲೂಪ್ ಹಾಕಿ, ಮಿತಿಗೆ ಸರಿಯಾಗಿ ಇದ್ದಾಗ ಪಾಸ್, 0.1 ಆಚೆ ಹೋದಾಗ ಫೇಲ್ ಬರತ್ತಾ ನೋಡಿ, ಸ್ಕಿಮ್ಡ್‌ಗೆ ಆ ಆಚೆ ಅನ್ನೋದು ಮೇಲ್ಗಡೆ ಅನ್ನೋದು ನೆನಪಿರ್ಲಿ.